ಬಿರುಸಿನ ನಡಿಗೆ: ವಾಕಿಂಗ್ ಮಾಡುವವರ ಜೊತೆ ಒಂದಿಷ್ಟು ಮಾತು

(ದಿನಾ ವಾಕಿಂಗ್ ಮಾಡುವವರ ಒಂದು ಬಳಗದ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಫಿಸಿಯೋಥೆರಪಿಸ್ಟ್. ಜನ ಹೇಗೆ ನಡೆಯುತ್ತಾರೆ ಅಂತ ನೋಡುವುದೇ ನನ್ನ ಕೆಲಸದ ಅರ್ಧ ಭಾಗ. ನನ್ನ ಹತ್ತಿರ ಬರುವವರ ತೊಂದರೆಗಳು ಬೇರೆ ಬೇರೆ. ಆದರೆ ಒಂದು ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. "ದಿನಾ ಒಂದು ಗಂಟೆ ವಾಕಿಂಗ್ ಮಾಡ್ತೀನಿ. ಮಳೆ ಬಂದರೂ ತಪ್ಪಿಸಲ್ಲ. ಆದ್ರೂ ಎರಡು ಮಹಡಿ ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ. ಯಾಕೆ?"

ನಾನು ಅವರನ್ನು ಎಬ್ಬಿಸಿ, "ಹೊರಗೆ ಹೋಗಿ, ದಿನಾ ಹೇಗೆ ನಡೆಯುತ್ತೀರೋ ಹಾಗೇ ನಡೆದು ತೋರಿಸಿ" ಅನ್ನುತ್ತೇನೆ. ನೋಡಿದರೆ ಸಾಕು, ಉತ್ತರ ಅಲ್ಲೇ ಇರುತ್ತದೆ. ವರ್ಷಗಟ್ಟಲೆ ಒಂದೇ ವೇಗ. ಮೊದಲ ವಾರ ಆ ವೇಗ ದೇಹಕ್ಕೆ ಹೊಸದಾಗಿತ್ತು, ಒಂದಿಷ್ಟು ಬದಲಾವಣೆ ಆಯಿತು. ಆಮೇಲೆ ದೇಹ ಅದಕ್ಕೆ ಒಗ್ಗಿಹೋಯಿತು. ಒಗ್ಗಿದ ಮೇಲೆ ಅದೇ ವೇಗದಲ್ಲಿ ಒಂದರ ಬದಲು ಒಂದೂವರೆ ಗಂಟೆ ನಡೆದರೂ ಹೃದಯಕ್ಕೆ, ಪುಪ್ಪುಸಕ್ಕೆ, ಕಾಲಿನ ಸ್ನಾಯುಗಳಿಗೆ ಹೊಸದಾಗಿ ಕಲಿಯುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ತಪ್ಪು ತಿಳಿಯಬೇಡಿ. ನಿಧಾನದ ನಡಿಗೆ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಕೂತೇ ಇರುವವರಿಗಿಂತ ನಿಧಾನವಾಗಿ ನಡೆಯುವವರು ಎಷ್ಟೋ ಮೇಲು. ಊಟ ಆದ ಮೇಲೆ ಹತ್ತು ನಿಮಿಷ ಸುಮ್ನೆ ಅಡ್ಡಾಡಿದರೂ ರಕ್ತದ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ. ಮನಸ್ಸು ಹಗುರಾಗುತ್ತದೆ, ಕೀಲುಗಳು ಸಡಿಲಾಗುತ್ತವೆ. ಆದರೆ ದಮ್ಮು ಹೆಚ್ಚಬೇಕು, ಕಾಲಿಗೆ ಬಲ ಬರಬೇಕು ಅನ್ನುವವರಿಗೆ ಅಷ್ಟು ಸಾಲದು. ಅವರು ವೇಗ ಹೆಚ್ಚಿಸಬೇಕು. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಯಾಕೆ, ಹೇಗೆ ಅನ್ನುವ ವಿವರ.

ಯಾಕೆ ಅನ್ನುವುದನ್ನು ಮೊದಲು ನೋಡೋಣ.

ನಮ್ಮ ದೇಹ ದೊಡ್ಡ ಜಿಪುಣ. ಸುಮ್ನೆ ನಡೆಯಿರಿ ಅಂದರೆ ಹೆಚ್ಚಿನವರು ಗಂಟೆಗೆ ನಾಲ್ಕೂವರೆಯಿಂದ ಐದು ಕಿಲೋಮೀಟರ್ ವೇಗದಲ್ಲಿ ನಡೆಯುತ್ತಾರೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಪ್ರಯೋಗಾಲಯದಲ್ಲಿ ಜನರ ಮುಖಕ್ಕೆ ಮಾಸ್ಕ್ ಹಾಕಿ, ಬೇರೆ ಬೇರೆ ವೇಗದಲ್ಲಿ ನಡೆಸಿ, ಒಂದು ಕಿಲೋಮೀಟರಿಗೆ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಅಂತ ಅಳೆದಿದ್ದಾರೆ. ತೀರಾ ನಿಧಾನ ನಡೆದರೆ ಖರ್ಚು ಜಾಸ್ತಿ. ತೀರಾ ಜೋರಾಗಿ ನಡೆದರೂ ಜಾಸ್ತಿ. ಎಲ್ಲಕ್ಕಿಂತ ಕಡಿಮೆ ಖರ್ಚು ಬರುವುದು ನಾವು ತಾನಾಗಿಯೇ ಆರಿಸಿಕೊಂಡ ಆ ವೇಗದ ಆಸುಪಾಸಿನಲ್ಲೇ! ದೂರದ ದಾರಿ ನಡೆದು ಹೋಗಬೇಕಾದಾಗ ಇದು ಬಹಳ ಒಳ್ಳೆಯ ಗುಣ. ವ್ಯಾಯಾಮಕ್ಕೆ ಅಂತ ಹೊರಟಾಗ ಇದೇ ಅಡ್ಡಿ. ಖರ್ಚು ಮಾಡಿಸಬೇಕು ಅಂತ ನಾವು ಹೊರಟಿರುತ್ತೇವೆ, ದೇಹ ನಮಗೆ ಗೊತ್ತಾಗದ ಹಾಗೆ ಉಳಿತಾಯದ ವೇಗಕ್ಕೆ ಬಂದು ನಿಂತಿರುತ್ತದೆ.

ಈ ಉಳಿತಾಯ ಹೇಗೆ ಆಗುತ್ತದೆ ಅಂದರೆ, ಹಿಮ್ಮಡಿ ನೆಲಕ್ಕೆ ಊರಿದಾಗ ಆ ಕಾಲು ಹೆಚ್ಚುಕಡಿಮೆ ನೇರವಾಗಿರುತ್ತದೆ. ಸೊಂಟ ಆ ಕಾಲಿನ ಮೇಲೆ ಏರಿ, ದಾಟಿ, ಮುಂದಕ್ಕೆ ಇಳಿಯುತ್ತದೆ. ಏರುವಾಗ ಕೂಡಿಟ್ಟ ಶಕ್ತಿ ಇಳಿಯುವಾಗ ವೇಗದ ರೂಪದಲ್ಲಿ ವಾಪಸ್ ಸಿಗುತ್ತದೆ. ಸ್ನಾಯುಗಳು ಹೊಸದಾಗಿ ಕೊಡಬೇಕಾದದ್ದು ಸ್ವಲ್ಪವೇ. ವೇಗ ಹೆಚ್ಚಿಸಿದಂತೆ ಈ ಕೊಡುಕೊಳ್ಳುವಿಕೆ ಕೆಡುತ್ತದೆ. ಪ್ರತಿ ಹೆಜ್ಜೆಯನ್ನೂ ಮೀನಖಂಡ, ತೊಡೆ, ಪೃಷ್ಠದ ಸ್ನಾಯುಗಳೇ ದುಡಿದು ಎತ್ತಬೇಕಾಗುತ್ತದೆ. ಗಂಟೆಗೆ ಏಳು ಕಿಲೋಮೀಟರಿನ ಹತ್ತಿರ ಬಂದಾಗ "ಇದಕ್ಕಿಂತ ಓಡುವುದೇ ವಾಸಿ" ಅಂತ ದೇಹಕ್ಕೆ ಅನ್ನಿಸುತ್ತದೆ, ನಾವು ಓಟಕ್ಕೆ ತಿರುಗಿಬಿಡುತ್ತೇವೆ.

ವ್ಯಾಯಾಮದ ಶ್ರಮವನ್ನು ಅಳೆಯಲು ಮೆಟ್ ಅಂತ ಒಂದು ಅಳತೆ ಇದೆ. ಸುಮ್ಮನೆ ಕೂತಿದ್ದರೆ 1 ಮೆಟ್. ಗಂಟೆಗೆ 5 ಕಿಲೋಮೀಟರ್ ವೇಗದ ನಡಿಗೆಗೆ ಸುಮಾರು 3.5 ಮೆಟ್. 5.6 ಕಿಲೋಮೀಟರಿಗೆ 4.3, 6.4 ಕಿಲೋಮೀಟರಿಗೆ 5. 7.2 ಕಿಲೋಮೀಟರ್ ವೇಗಕ್ಕೆ ಏಕ್‌ದಂ 7 ಮೆಟ್. ವೇಗ ಹೆಚ್ಚಿದ್ದು ಅರ್ಧಪಾಲೂ ಇಲ್ಲ, ದೇಹದ ದುಡಿಮೆ ಮಾತ್ರ ಎರಡು ಪಟ್ಟು ಆಯಿತು. ನಿಧಾನ ಓಟದಲ್ಲಿ ಸಿಗುವಷ್ಟು ಕೆಲಸ ಬರೀ ನಡಿಗೆಯಲ್ಲೇ ಸಿಕ್ಕಿತು. ಅದೂ ಓಟದ ಹೊಡೆತ ಇಲ್ಲದೆ. ಓಡುವಾಗ ಪ್ರತಿ ಹೆಜ್ಜೆಗೂ ಮೈ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ನಡಿಗೆಯಲ್ಲಿ ಒಂದು ಕಾಲು ಯಾವಾಗಲೂ ನೆಲದ ಮೇಲಿರುವುದರಿಂದ ಅದು ಮೈ ತೂಕಕ್ಕಿಂತ ಸ್ವಲ್ಪವೇ ಜಾಸ್ತಿ. ಮೊಣಕಾಲಿನ ಬಗ್ಗೆ ಚಿಂತೆ ಇರುವವರಿಗೆ ನಾನು ಓಟಕ್ಕಿಂತ ಮೊದಲು ಬಿರುಸಿನ ನಡಿಗೆ ಹೇಳುವುದು ಇದಕ್ಕೇ.

ಹೀಗೆ ಹೆಚ್ಚು ದುಡಿಸಿದಾಗ ಒಳಗೆ ಏನಾಗುತ್ತದೆ? ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತದ ಪ್ರಮಾಣ ವಾರಗಳು ಕಳೆದಂತೆ ಹೆಚ್ಚುತ್ತದೆ. ಸ್ನಾಯುಗಳ ಒಳಗೆ ಸಣ್ಣ ಸಣ್ಣ ರಕ್ತನಾಳಗಳು ಹೊಸದಾಗಿ ಹುಟ್ಟುತ್ತವೆ. ಜೀವಕೋಶದ ಒಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳು ಜಾಸ್ತಿ ಆಗುತ್ತವೆ. ಒಂದು ಬಡಿತಕ್ಕೆ ಹೆಚ್ಚು ರಕ್ತ ಹೋಗುವುದರಿಂದ ವಿಶ್ರಾಂತಿಯಲ್ಲಿ ಕಡಿಮೆ ಬಡಿತ ಸಾಕು. ಬೆಳಗ್ಗೆ ಹಾಸಿಗೆಯಲ್ಲೇ ಎಣಿಸಿದ ನಾಡಿ ಕೆಲವು ತಿಂಗಳಲ್ಲಿ ಇಳಿದಿರುವುದು ಕಂಡರೆ ಅದು ಬಹಳ ಒಳ್ಳೆಯ ಸುದ್ದಿ.

ಇದೆಲ್ಲ ಬರೀ ಬಾಯಿಮಾತಲ್ಲ ಅನ್ನುವುದಕ್ಕೆ ಒಂದು ಅಧ್ಯಯನ ಹೇಳುತ್ತೇನೆ. ನನಗೆ ತುಂಬಾ ಇಷ್ಟವಾದದ್ದು. ಜಪಾನಿನ ಶಿನ್ಶು ವಿಶ್ವವಿದ್ಯಾಲಯದಲ್ಲಿ ಹಿರೋಶಿ ನೋಸೆ ಮತ್ತು ಅವರ ಜೊತೆಗಾರರು ಮಾಡಿದ್ದು, 2007ರಲ್ಲಿ ಪ್ರಕಟವಾಯಿತು. ಭಾಗವಹಿಸಿದವರು 246 ಜನ. ಸರಾಸರಿ ವಯಸ್ಸು 63. ಕ್ರೀಡಾಪಟುಗಳಲ್ಲ, ನಮ್ಮ ನಿಮ್ಮ ಹಾಗಿನ ಸಾಮಾನ್ಯ ಜನ. ಅವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಏನೂ ಹೇಳಲಿಲ್ಲ. ಎರಡನೆಯ ಗುಂಪು ಸಾಧಾರಣ ವೇಗದಲ್ಲಿ ದಿನಕ್ಕೆ 8,000 ಹೆಜ್ಜೆ ನಡೆಯಬೇಕು. ಮೂರನೆಯ ಗುಂಪು ಮೂರು ನಿಮಿಷ ನಿಧಾನ, ಮೂರು ನಿಮಿಷ ಜೋರು, ಹೀಗೆ ಐದು ಸುತ್ತಿಗಿಂತ ಕಡಿಮೆ ಇಲ್ಲದಂತೆ ನಡೆಯಬೇಕು. ವಾರಕ್ಕೆ ನಾಲ್ಕು ದಿನವಾದರೂ ಆಗಬೇಕು. ಜೋರು ಅಂದರೆ ತಮ್ಮ ಪೂರ್ತಿ ಸಾಮರ್ಥ್ಯದ ಶೇಕಡಾ 70ಕ್ಕಿಂತ ಮೇಲೆ, ನಿಧಾನ ಅಂದರೆ ಶೇಕಡಾ 40ರ ಹತ್ತಿರ.

ಐದು ತಿಂಗಳಾದ ಮೇಲೆ ಅಳೆದು ನೋಡಿದರು. ನಿಧಾನ-ಜೋರು ಗುಂಪಿನವರಲ್ಲಿ ಮೊಣಕಾಲು ಚಾಚುವ ಸ್ನಾಯುಗಳ ಬಲ ಶೇಕಡಾ 13ರಷ್ಟು ಹೆಚ್ಚಿತ್ತು. ಮಡಚುವ ಸ್ನಾಯುಗಳ ಬಲ ಶೇಕಡಾ 17. ನಡಿಗೆಯಲ್ಲಿ ಅಳೆದ ದಮ್ಮು ಸುಮಾರು ಶೇಕಡಾ 9 ಏರಿತ್ತು. ರಕ್ತದೊತ್ತಡವೂ ಚೆನ್ನಾಗಿ ಇಳಿದಿತ್ತು. 8,000 ಹೆಜ್ಜೆ ನಡೆದವರಲ್ಲಿ ಈ ಲಾಭ ಬಹಳ ಕಡಿಮೆ. ಇದರಲ್ಲಿ ನನ್ನ ಮನಸ್ಸಿಗೆ ನಾಟುವುದು ಕಾಲಿನ ಬಲದ ಲೆಕ್ಕ. ವಯಸ್ಸಾದಂತೆ ತೊಡೆಯ ಸ್ನಾಯುಗಳು ಕರಗುತ್ತವೆ. ಕುರ್ಚಿಯಿಂದ ಏಳುವಾಗ ಕೈ ಊರಬೇಕಾಗುತ್ತದೆ, ಸ್ನಾನದ ಮನೆಯಲ್ಲಿ ಕಾಲು ಜಾರಿದರೆ ಸಾವರಿಸಿಕೊಳ್ಳಲು ಆಗುವುದಿಲ್ಲ. ಅರವತ್ತು ದಾಟಿದವರು ಜಿಮ್‌ಗೆ ಹೋಗದೆ, ಯಾವ ಸಲಕರಣೆಯೂ ಇಲ್ಲದೆ, ನಡಿಗೆಯ ವೇಗ ಬದಲಿಸಿಯೇ ಅಷ್ಟು ಬಲ ಮರಳಿ ಪಡೆದರು ಅನ್ನುವುದು ಸಣ್ಣ ವಿಷಯ ಅಲ್ಲ.

ಇನ್ನೊಂದು ಹಳೆಯ ಹೆಸರು ಹೇಳಬೇಕು, ಬ್ರಿಟನ್ನಿನ ವೈದ್ಯ, ಸಂಶೋಧಕ ಜೆರ್ರಿ ಮಾರಿಸ್. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ದಿನವಿಡೀ ಕೂತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಅಂತ 1953ರಲ್ಲಿ ತೋರಿಸಿದವರು ಅವರೇ. ಆಮೇಲೆ ಅವರು ಸರ್ಕಾರಿ ನೌಕರರನ್ನು ಅಧ್ಯಯನ ಮಾಡಿದರು. ಗಂಟೆಗೆ 6.4 ಕಿಲೋಮೀಟರಿಗಿಂತ ಜೋರಾಗಿ ನಡೆಯುವ ರೂಢಿ ಇದ್ದವರಲ್ಲಿ ಹೃದಯಾಘಾತ ಕಡಿಮೆ ಇತ್ತು. ಸ್ವತಃ ಮಾರಿಸ್ 99 ವರ್ಷ ಬದುಕಿದ್ದರು.

ಇಲ್ಲಿ ಒಂದು ಎಚ್ಚರ ಬೇಕು. 2011ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 65 ದಾಟಿದ 34,000ಕ್ಕೂ ಹೆಚ್ಚು ಜನರನ್ನು ನೋಡಿತು. ಜೋರಾಗಿ ನಡೆಯುವವರು ಹೆಚ್ಚು ಕಾಲ ಬದುಕುತ್ತಾರೆ ಅಂತ ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಇಂಥ ಸುದ್ದಿ ಓದಿ "ಜೋರಾಗಿ ನಡೆದರೆ ಆಯುಷ್ಯ ಗ್ಯಾರಂಟಿ" ಅಂತ ವಾಟ್ಸಾಪಿನಲ್ಲಿ ಹಂಚಿಬಿಡುತ್ತಾರೆ. ಆದರೆ ಒಳಗೆ ಕಾಯಿಲೆ ಇರುವವರು ನಿಧಾನವಾಗಿ ನಡೆಯುತ್ತಾರೆ, ಅಲ್ವಾ? ಅಂದರೆ ವೇಗ ಎಷ್ಟೋ ಸಲ ಆರೋಗ್ಯದ ಗುರುತು. ಬರೀ ಅಂಥ ಲೆಕ್ಕ ನಂಬಿ ನಾನು ಇಲ್ಲಿ ನಿಂತಿಲ್ಲ. ಜಪಾನಿನ ಅಧ್ಯಯನದಲ್ಲಿ ಜನರ ವೇಗ ಬದಲಿಸಿ, ಆಮೇಲೆ ಅಳೆದಿದ್ದಾರೆ. ಅದಕ್ಕೇ ಅದರ ಮೇಲೆ ನನಗೆ ಹೆಚ್ಚು ಭರವಸೆ.

ಸರಿ, ಜೋರು ಅಂದರೆ ಎಷ್ಟು ಜೋರು?

ಈಗ ಎಲ್ಲರೂ ಎದ್ದು ನಿಲ್ಲಿ. ಮೊಬೈಲಿನಲ್ಲಿ ತಾಳ ಹಾಕುವ ಮೆಟ್ರೊನೋಮ್ ಇಟ್ಟಿದ್ದೇನೆ, ನಿಮಿಷಕ್ಕೆ 100. ಈ ತಾಳಕ್ಕೆ ನಿಂತಲ್ಲೇ ಹೆಜ್ಜೆ ಹಾಕಿ. ಟಕ್, ಟಕ್, ಟಕ್. ಸುಲಭ ಅನ್ನಿಸಿತಾ? ವಯಸ್ಕರಿಗೆ ಮಧ್ಯಮ ಶ್ರಮದ ನಡಿಗೆ ಶುರುವಾಗುವುದು ಇಲ್ಲಿಂದ. ಈಗ 130ಕ್ಕೆ ಇಡುತ್ತೇನೆ. ನೋಡಿ, ಹಿಂದಿನ ಸಾಲಿನವರ ಮಾತು ನಿಂತೇ ಹೋಯಿತು. ಕೈಗಳು ತಾವಾಗಿಯೇ ಮಡಚಿಕೊಂಡವು. ಬಿರುಸಿನ ಶ್ರಮ ಶುರುವಾಗುವುದು ಸುಮಾರು ಈ ಲೆಕ್ಕದಿಂದ. ಕೂತುಕೊಳ್ಳಿ. ನಾಳೆ ನಡೆಯುವಾಗ ಗಡಿಯಾರ ನೋಡಿ 15 ಸೆಕೆಂಡು ಹೆಜ್ಜೆ ಎಣಿಸಿ. 25 ಬಂದರೆ ನಿಮಿಷಕ್ಕೆ 100. 30 ಬಂದರೆ 120. 32-33 ಬಂದರೆ 130.

ಎಣಿಕೆ ಬೇಡ ಅನ್ನುವವರಿಗೆ ಮಾತಿನ ಪರೀಕ್ಷೆ ಇದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದು ಮಧ್ಯಮ ಶ್ರಮ. ನಾಲ್ಕು ಪದ ಆಡುವಷ್ಟರಲ್ಲಿ ಉಸಿರು ಎಳೆದುಕೊಳ್ಳಬೇಕಾದರೆ ಅದು ಬಿರುಸು. ಒಬ್ಬರಿಗೆ 105 ಹೆಜ್ಜೆಗೇ ಈ ಸ್ಥಿತಿ ಬರಬಹುದು, ಇನ್ನೊಬ್ಬರಿಗೆ 135ಕ್ಕೆ. ನನ್ನ ಕೇಳಿದರೆ ಎಣಿಕೆಗಿಂತ ಉಸಿರನ್ನೇ ಹೆಚ್ಚು ನಂಬಿ. ನಾಡಿ ನೋಡುವ ವಾಚ್ ಇದ್ದವರಿಗೂ ಇದೇ ಮಾತು. ಅದರಲ್ಲೂ ಬಿಪಿಗೆ, ಹೃದಯಕ್ಕೆ ಅಂತ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿ ಎಷ್ಟು ದುಡಿದರೂ ಅಷ್ಟಾಗಿ ಏರುವುದಿಲ್ಲ, ವಾಚಿನ ಲೆಕ್ಕ ಅವರಿಗೆ ದಾರಿ ತಪ್ಪಿಸುತ್ತದೆ.

ಹತ್ತು ಸಾವಿರ ಹೆಜ್ಜೆಯ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಆ ಸಂಖ್ಯೆ ಜನಪ್ರಿಯವಾದದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಗುರಿ ಇಟ್ಟುಕೊಳ್ಳಲು ಅದು ಕೆಟ್ಟದ್ದೇನಲ್ಲ. ಆದರೆ ಆ ಹೆಜ್ಜೆಗಳಲ್ಲಿ ಮೂರು ಸಾವಿರವಾದರೂ ಮಧ್ಯಮ ಶ್ರಮದ್ದಾಗಿರಲಿ ಅನ್ನುವುದು ನನ್ನ ಆಸೆ. ನಿಮಿಷಕ್ಕೆ 100ರಂತೆ ಅರ್ಧ ಗಂಟೆ ನಡೆದರೆ ಅಷ್ಟಾಗುತ್ತದೆ. ವಾರಕ್ಕೆ ಐದು ದಿನ ಮಾಡಿದರೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯೂ ಅದೇ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಬಿರುಸಿನ ಶ್ರಮ. ಒಂದೇ ಸಲಕ್ಕೆ ಹತ್ತು ನಿಮಿಷ ಮಾಡಲೇಬೇಕು ಅನ್ನುವ ಹಳೆಯ ಷರತ್ತನ್ನೂ ಅವರು ಕೈಬಿಟ್ಟಿದ್ದಾರೆ. ಬಸ್ಸು ಹಿಡಿಯಲು ಐದು ನಿಮಿಷ ಸರಸರ ನಡೆದದ್ದೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಹೇಗೆ ನಡೆಯಬೇಕು ಅನ್ನುವುದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನ ನೋವುಗಳು ಶುರುವಾಗುವುದು ಇಲ್ಲೇ.

ಜೋರಾಗಿ ನಡೆಯಿರಿ ಅಂದ ತಕ್ಷಣ ಜನ ದಾಪುಗಾಲು ಹಾಕುತ್ತಾರೆ. ಕಾಲನ್ನು ಆದಷ್ಟು ಮುಂದಕ್ಕೆ ಚಾಚಿ ಹಿಮ್ಮಡಿ ಊರುತ್ತಾರೆ. ಮೈಗಿಂತ ಅಷ್ಟು ಮುಂದೆ ಊರಿದ ಹಿಮ್ಮಡಿ ಬ್ರೇಕ್ ಹಾಕಿದ ಹಾಗೆ. ಪ್ರತಿ ಹೆಜ್ಜೆಗೂ ನೀವು ನಿಮ್ಮನ್ನೇ ತಡೆಯುತ್ತೀರಿ, ಆ ಹೊಡೆತ ಮೊಣಕಾಲಿಗೆ, ಸೊಂಟಕ್ಕೆ ಹೋಗುತ್ತದೆ. ಹಾಗಾಗಿ ಮೊದಲು ಹೆಜ್ಜೆಯ ಸಂಖ್ಯೆ ಹೆಚ್ಚಿಸಿ, ಉದ್ದ ಅಲ್ಲ. 70 ಸೆಂಟಿಮೀಟರಿನ ಹೆಜ್ಜೆ ನಿಮಿಷಕ್ಕೆ 100 ಹಾಕಿದರೆ ಗಂಟೆಗೆ 4.2 ಕಿಲೋಮೀಟರ್. ಅದೇ ಉದ್ದದ ಹೆಜ್ಜೆ 125 ಹಾಕಿದರೆ 5.2 ದಾಟುತ್ತದೆ. ಉದ್ದ ತಾನಾಗಿಯೇ ಬರುತ್ತದೆ, ಹಿಂದಿನಿಂದ ಬರುತ್ತದೆ. ಅಂದರೆ ಹಿಂದಿರುವ ಪಾದದ ಹೆಬ್ಬೆರಳಿನಿಂದ ನೆಲವನ್ನು ಒತ್ತಿ ತಳ್ಳಬೇಕು. ನಿಮ್ಮ ಹಿಂದೆ ನಡೆಯುವವರಿಗೆ ನಿಮ್ಮ ಚಪ್ಪಲಿಯ ಅಡಿ ಕಾಣಬೇಕು. ಕಾಲೆಳೆದುಕೊಂಡು ನಡೆಯುವವರ ಅಡಿ ಕಾಣುವುದೇ ಇಲ್ಲ.

ಕೈ ಬಹಳ ಮುಖ್ಯ. ಕೈ ನೇರವಾಗಿ ಇಳಿಬಿಟ್ಟರೆ ಅದು ನಿಧಾನವಾಗಿ ಬೀಸುತ್ತದೆ, ಕಾಲೂ ಅದರ ಲಯಕ್ಕೇ ಬರುತ್ತದೆ. ಮೊಣಕೈಯನ್ನು 90 ಡಿಗ್ರಿ ಮಡಚಿ, ಹಿಂದಕ್ಕೆ ಬೀಸಿ. ಮುಂದಕ್ಕೆ ಅದೇ ಬರುತ್ತದೆ. ಮುಷ್ಟಿ ಬಿಗಿಯಬೇಡಿ, ಭುಜ ಕಿವಿಯ ಹತ್ತಿರ ಏರಿಸಬೇಡಿ. ಕಣ್ಣು ಹತ್ತು ಹದಿನೈದು ಅಡಿ ಮುಂದಿರಲಿ. ಮೊಬೈಲ್ ನೋಡುತ್ತಾ ಜೋರಾಗಿ ನಡೆಯಲು ಯಾರಿಂದಲೂ ಆಗುವುದಿಲ್ಲ, ಪ್ರಯತ್ನವೂ ಬೇಡ.

ಮೊದಲ ವಾರಗಳಲ್ಲಿ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಪಕ್ಕದಲ್ಲಿ ಉರಿ, ಸೆಳೆತ ಕಾಣಿಸಬಹುದು. ತುಂಬಾ ಜನ ಇದಕ್ಕೆ ಹೆದರಿ ಬಿಟ್ಟುಬಿಡುತ್ತಾರೆ. ಅಲ್ಲಿರುವ ಸ್ನಾಯುವಿನ ಕೆಲಸ ಪ್ರತಿ ಹೆಜ್ಜೆಗೂ ಪಾದದ ಮುಂಭಾಗವನ್ನು ಮೇಲೆತ್ತುವುದು, ಹಿಮ್ಮಡಿ ಊರಿದ ಮೇಲೆ ಅದನ್ನು ಮೆಲ್ಲಗೆ ಕೆಳಗಿಳಿಸುವುದು. ವೇಗ ಹೆಚ್ಚಿದಾಗ ಪಾಪ ಅದಕ್ಕೆ ಬಿಡುವೇ ಸಿಗುವುದಿಲ್ಲ. ನಡಿಗೆಯಿಂದ ಓಟಕ್ಕೆ ತಿರುಗುವಂತೆ ಮಾಡುವ ಕಾರಣಗಳಲ್ಲಿ ಈ ಸ್ನಾಯುವಿನ ದಣಿವೂ ಒಂದು. ಉರಿ ಬಂದರೆ ವೇಗ ಇಳಿಸಿ, ನಿಂತು ಪಾದವನ್ನು ದುಂಡಗೆ ತಿರುಗಿಸಿ, ಮತ್ತೆ ಹೊರಡಿ. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಒಂದಡಿ ಮುಂದಿಟ್ಟು, ಮುಂಗಾಲನ್ನು ಹದಿನೈದು ಇಪ್ಪತ್ತು ಸಲ ಎತ್ತಿ ಇಳಿಸಿ. ಕೆಲವೇ ವಾರದಲ್ಲಿ ಆ ಸ್ನಾಯು ಗಟ್ಟಿಯಾಗುತ್ತದೆ. ಆದರೆ ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋಯುತ್ತಿದೆ, ರಾತ್ರಿಯೂ ನೋವಿದೆ ಅಂದರೆ ತೋರಿಸಿಕೊಳ್ಳಿ.

ಶೂ ಬಗ್ಗೆ ಒಂದೇ ಮಾತು. ಮುಂಗಾಲಿನ ಹತ್ತಿರ ಬಾಗಬೇಕು, ಹಿಮ್ಮಡಿ ಅಲ್ಲಾಡಬಾರದು.

ಶುರು ಮಾಡುವುದು ಹೇಗೆ? ಜಪಾನಿನವರ ಮೂರು-ಮೂರು ನಿಮಿಷದ ಪದ್ಧತಿಗೆ ಮೊದಲ ದಿನವೇ ಹೋಗಬೇಡಿ. ಐದು ನಿಮಿಷ ಆರಾಮಾಗಿ ನಡೆಯಿರಿ. ಆಮೇಲೆ ಒಂದು ನಿಮಿಷ ಜೋರು, ಎರಡು ನಿಮಿಷ ನಿಧಾನ. ಇದನ್ನು ಐದಾರು ಸಲ ಮಾಡಿ. ಕೊನೆಗೆ ಮತ್ತೆ ಐದು ನಿಮಿಷ ಆರಾಮು. ಇದು ಸಲೀಸು ಅನ್ನಿಸಿದ ಮೇಲೆ ಎರಡು ನಿಮಿಷ ಜೋರು, ಎರಡು ನಿಮಿಷ ನಿಧಾನ. ಆಮೇಲೆ ಮೂರು-ಮೂರು. ಒಂದು ದಿನ ಇದು, ಮರುದಿನ ನಿಮ್ಮ ಹಳೆಯ ನಡಿಗೆ. ಒಂದೇ ವಾರದಲ್ಲಿ ಸಮಯವನ್ನೂ ವೇಗವನ್ನೂ ಎರಡನ್ನೂ ಹೆಚ್ಚಿಸಬೇಡಿ. ಏರು ದಾರಿ ಇದ್ದರೆ ಇನ್ನೂ ಒಳ್ಳೆಯದು. ವೇಗ ಹೆಚ್ಚಿಸದಿದ್ದರೂ ಉಸಿರು ತಾನಾಗಿಯೇ ಏರುತ್ತದೆ.

ಇದು ಎಲ್ಲರಿಗೂ ಕೂಡಲೇ ಅಲ್ಲ. ಹೃದಯದ ಕಾಯಿಲೆ ಇದ್ದವರು, ಬಿಪಿ ಹತೋಟಿಗೆ ಬರದವರು, ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಸ್ಪರ್ಶ ಕಡಿಮೆ ಆದವರು ಮೊದಲು ತಮ್ಮ ವೈದ್ಯರನ್ನು ಕೇಳಿ. ನಡೆಯುವಾಗ ಎದೆ ಹಿಡಿದ ಹಾಗೆ ಆದರೆ, ನೋವು ಎಡಗೈಗೋ ದವಡೆಗೋ ಹರಿದರೆ, ತಲೆ ತಿರುಗಿದರೆ ತಕ್ಷಣ ನಿಲ್ಲಿಸಿ. ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ ಅಂತ ಮುಂದುವರಿಸಬೇಡಿ, ಆಸ್ಪತ್ರೆಗೆ ಹೋಗಿ. ಈ ವಿಷಯದಲ್ಲಿ ಸಂಕೋಚ ಖಂಡಿತ ಬೇಡ.

ಇನ್ನು ನಿಮ್ಮ ಪ್ರಶ್ನೆಗಳು.

"ಜೋರಾಗಿ ನಡೆದರೆ ತೂಕ ಇಳಿಯುತ್ತಾ?" ಸ್ವಲ್ಪ ಇಳಿಯಬಹುದು. ಆದರೆ ತೂಕದ ಹೆಚ್ಚಿನ ಲೆಕ್ಕ ತಟ್ಟೆಯಲ್ಲಿದೆ. ತೂಕ ಒಂದು ಗ್ರಾಂ ಇಳಿಯದಿದ್ದರೂ ದಮ್ಮು ಹೆಚ್ಚುತ್ತದೆ, ಬಿಪಿ ಸುಧಾರಿಸುತ್ತದೆ. ತಕ್ಕಡಿ ನೋಡಿ ಬೇಸರಪಟ್ಟು ನಡಿಗೆ ಬಿಟ್ಟವರನ್ನು ಕಂಡಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

"ಸುಧಾರಿಸಿದ್ದೇನೆ ಅಂತ ಹೇಗೆ ಗೊತ್ತಾಗುತ್ತೆ?" ಆಸ್ಪತ್ರೆಗಳಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆ ಅಂತ ಮಾಡುತ್ತಾರೆ. 30 ಮೀಟರಿನ ಸಪಾಟು ಜಾಗದಲ್ಲಿ ಆ ಕಡೆಯಿಂದ ಈ ಕಡೆಗೆ ಆರು ನಿಮಿಷ ನಡೆಸಿ, ಎಷ್ಟು ದೂರ ಹೋದಿರಿ ಅಂತ ಅಳೆಯುತ್ತಾರೆ. ನೀವೂ ಮಾಡಬಹುದು. ಸಪಾಟಾದ ಒಂದೇ ಜಾಗ, ಒಂದೇ ಶೂ, ದಿನದ ಒಂದೇ ಹೊತ್ತು. ತಿಂಗಳಿಗೊಮ್ಮೆ ಬರೆದಿಡಿ.

"ಟ್ರೆಡ್‌ಮಿಲ್ ಆಗುತ್ತಾ?" ಆಗುತ್ತದೆ. ಕಂಬಿ ಮಾತ್ರ ಹಿಡಿಯಬೇಡಿ. ಕೈ ಊರಿ ನಡೆದರೆ ಯಂತ್ರ ತೋರಿಸುವ ವೇಗದಷ್ಟು ಕೆಲಸ ಕಾಲು ಮಾಡಿರುವುದಿಲ್ಲ. ಆಯ ತಪ್ಪುತ್ತದೆ ಅನ್ನುವವರು ಕಂಬಿ ಹಿಡಿದುಕೊಂಡೇ ನಿಧಾನವಾಗಿ ಶುರು ಮಾಡಿ.

"ನಡೆದರೆ ಸಾಕಾ, ಬೇರೆ ವ್ಯಾಯಾಮ ಬೇಡ್ವಾ?" ಬೇಕು. ವಾರಕ್ಕೆ ಎರಡು ದಿನ ಸ್ನಾಯು ಬಲದ ವ್ಯಾಯಾಮ ಬೇಕೇ ಬೇಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರು ಮಾಡಿ.

ಹಿಂದಿನ ಸಾಲಿನಲ್ಲಿ ಒಬ್ಬರು ಅಮ್ಮ ಕೈ ಎತ್ತಿದ್ದಾರೆ. "ನಾನು, ನಮ್ಮ ಯಜಮಾನರು ಜೊತೇಲೇ ನಡೆಯೋದು. ಅವರಿಗೆ ಮಂಡಿ ನೋವು, ಜೋರಾಗಿ ಆಗಲ್ಲ. ಅವರನ್ನ ಬಿಟ್ಟು ಹೋಗೋಕೆ ನನಗೆ ಮನಸ್ಸು ಬರಲ್ಲ."

ಬಿಡಬೇಡಿ ಅಮ್ಮ. ಜೊತೆಯಲ್ಲೇ ಹೊರಡಿ. ನಿಮ್ಮ ಜೋರಿನ ಸರದಿ ಬಂದಾಗ ಒಂದೂವರೆ ನಿಮಿಷ ಮುಂದೆ ಹೋಗಿ, ತಿರುಗಿ ಅವರ ಕಡೆಗೇ ಅಷ್ಟೇ ಜೋರಾಗಿ ಬನ್ನಿ. ಅವರು ಅಷ್ಟರಲ್ಲಿ ಸ್ವಲ್ಪ ಮುಂದೆ ಬಂದಿರುತ್ತಾರೆ, ದಾರಿಯಲ್ಲೇ ಸಿಗುತ್ತಾರೆ. ಆಮೇಲಿನ ಮೂರು ನಿಮಿಷ ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ ಮಾತಾಡಿಕೊಂಡು ನಡೆಯಿರಿ. ನಿಮ್ಮ ನಿಧಾನದ ಸುತ್ತು ಅದೇ. ಯಜಮಾನರನ್ನು ಒಂದು ದಿನ ನನ್ನ ಹತ್ತಿರ ಕರೆದುಕೊಂಡು ಬನ್ನಿ, ಅವರ ಮಂಡಿಗೆ ಏನು ಮಾಡಬಹುದು ನೋಡೋಣ.